ಬಿಳಿ ತೊಲೆಯ ಎರಡು ಮಗ್ಗುಲು

ಕೊನೆಯ ಉಕ್ಕಿನ ತೊಲೆಗೆ ಬಿಳಿ ಬಣ್ಣ ಬಳಿಯಿರಿ ಎಂದು ಹೇಳಿದ್ದು ಸ್ವತಃ ಜನೆಲ್ ಕೈಪರ್. ಒಂದು ಕಲೆಯೂ ಕಾಣಬಾರದು ಎಂದು ಬೇರೆ ತಾಕೀತು ಮಾಡಿದ್ದಳು. ಪಾಪ, ಇನ್ನೇನು ಮಾಡಿಯಾಳು! ಅಮೆರಿಕದ ಗ್ರ್ಯಾಂಡ್ ರಾಪಿಡ್ಸಿನಂಥ ಊರಿನಲ್ಲಿ ನದಿಯ ದಂಡೆಗೆ ಇಷ್ಟೆತ್ತರದ ಕಟ್ಟಡ ಏಳುವುದೇ ಅಪರೂಪ. ಕಟ್ಟಡದ ಕೊನೆಯ ತೊಲೆಗೆ ಎಲ್ಲರೂ ಸಹಿ ಹಾಕಿ ಮೇಲೇರಿಸುವುದು ಅಲ್ಲಿನ ರೂಢಿ. ತೊಲೆಯ ಒಂದು ಮಗ್ಗುಲಿಗೆ ಮೇಯರ್ ಮತ್ತು ದುಡ್ಡು ಹಾಕಿದ ದೊಡ್ಡ ಮನುಷ್ಯರು ಸಹಿ ಹಾಕಿದರು. ಇನ್ನೊಂದು ಮಗ್ಗುಲಿಗೆ ಉಕ್ಕು ಕಟ್ಟಿದವರು, ಬೆಸುಗೆಯವರು, ಅವರ ಹೆಂಡತಿ ಮಕ್ಕಳು.

ಜನೆಲ್ ಆ ತಂಡದ ಮೇಸ್ತ್ರಿ. ಅದೂ ತಾತ್ಕಾಲಿಕ, ಹಳೆಯ ಮೇಸ್ತ್ರಿ ಸೊಂಟ ಹಿಡಿದು ಮನೆಯಲ್ಲಿ ಮಲಗಿದ್ದರಿಂದ ಸಿಕ್ಕಿದ ಪಟ್ಟ. ರಸ್ತೆಯಾಚೆ ಇನ್ನೊಂದು ಗಗನಚುಂಬಿಗೆ ಆಗಲೇ ಗುಂಡಿ ತೋಡಿದ್ದರು. ಅಲ್ಲಿಗೂ ಅವಳೇ ಮೇಸ್ತ್ರಿಯೋ, ಇಲ್ಲಾ ಮತ್ತೆ ಬೋಲ್ಟು ಬಿಗಿಯುವ ಕೆಲಸಕ್ಕೋ ಎನ್ನುವುದನ್ನು ಈ ತೊಲೆ ಕೂತ ಮೇಲೆ ಹೇಳುತ್ತೇನೆಂದು ಇಡೀ ಕಟ್ಟಡದ ಉಸ್ತುವಾರಿಯ ಡೆಕ್ಕರ್ ಅಂದಿದ್ದ. ಆ ಪಟ್ಟ ಅವಳಿಗೆ ಬೇಕಿತ್ತು, ಹಸಿದವರಿಗೆ ಊಟ ಬೇಕಾದಂತೆ ಬೇಕಿತ್ತು. ತಂಡದ ಹಳೇ ಹುಲಿ ಆರಿನ್ ಮಾತ್ರ ಅವಳನ್ನು ಬಾಸ್ ಎಂದು ಕರೆಯದೆ, ಬೇಕೆಂದೇ 'ಮೇಡಂ' ಎಂದು ಎಳೆದು ಎಳೆದು ಕರೆಯುತ್ತಿದ್ದ.

ಅಂದು ಬೆಳಿಗ್ಗೆ ಕೆಳಗೆ ಜಾತ್ರೆಯಂತೆ ಜನ. ವಾದ್ಯದವರು, ಟೀವಿಯವರು, ಎಲ್ಲರೂ ಕತ್ತೆತ್ತಿ ನಿಂತಿದ್ದರು. ವಾಡಿಕೆಯಂತೆ ಒಂದು ಪುಟ್ಟ ಪೈನ್ ಗಿಡವನ್ನೂ ಬಾವುಟವನ್ನೂ ಹೊತ್ತು ತೊಲೆ ಕ್ರೇನಿನಲ್ಲಿ ಮೇಲೇರಿತು. ಮೇಲಿನ ಅಂತಸ್ತಿನಲ್ಲಿ ನಿಂತಿದ್ದ ಜನೆಲ್ ಅದರ ಉತ್ತರದ ಗುರುತನ್ನು ಹುಡುಕಿದಳು. ಕಾಣಲಿಲ್ಲ. ಪ್ರತಿ ತೊಲೆಯ ಒಂದು ತುದಿಗೆ ಕಾರ್ಖಾನೆಯಲ್ಲೇ ಆ ಗುರುತು ಬರೆದಿರುತ್ತಾರೆ, ಆ ತುದಿ ಉತ್ತರಕ್ಕೆ ಬರಬೇಕು. ಅದರ ಮೇಲೆ ಈಗ ಅಪ್ಪಟ ಬಿಳಿ ಬಣ್ಣ. ಎರಡು ತುದಿಯೂ ನೋಡಲು ಒಂದೇ, ಬೋಲ್ಟಿನ ತೂತುಗಳು ಮಾತ್ರ ಬೆರಳಗಲ ಆಚೀಚೆ.

ದೇವರ ಮೇಲೆ ಭಾರ ಹಾಕಿ, ಗಿಡವಿದ್ದ ತುದಿಯನ್ನು ಉತ್ತರಕ್ಕೆ ತಾ ಎಂದು ಕ್ರೇನಿನವನಿಗೆ ಹೇಳಿದಳು. ಕಂಬದ ತುದಿಯಲ್ಲಿ ಕೂತಿದ್ದ ಆರಿನ್ ತೂತುಗಳು ಹೊಂದಿವೆಯೇ ಎಂದು ಚೂಪು ಸರಳು ತೂರಿಸಲು ನೋಡಿದ. ಹೋಗಲಿಲ್ಲ.

"ಉಲ್ಟಾ ಬಂದಿದೆ ಮೇಡಂ," ಎಂದ ಮೆಲ್ಲಗೆ. ಆಮೇಲೆ ಅವನೇ ಒಂದು ದಾರಿಯನ್ನೂ ಹೇಳಿಕೊಟ್ಟ. "ಹೆಂಗೋ ಒಂದು ಬೋಲ್ಟು ಸಿಗಿಸಿ ಬಿಡ್ತೀನಿ. ಜನ ಹೋದ್ಮೇಲೆ ಬಿಚ್ಚಿ ತಿರುಗಿಸೋಣ. ಡೆಕ್ಕರ್‌ಗೂ ಗೊತ್ತಾಗಲ್ಲ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಒಂದೇ ಬೋಲ್ಟಿಗೆ ನೇತು ಬಿದ್ದ ತೊಲೆ, ಅದರ ಕೆಳಗೆ ಅಷ್ಟೊಂದು ಜನ! ಮಾನ ಹೋದರೆ ಹೋಗಲಿ ಎಂದುಕೊಂಡು, ತೊಲೆಯನ್ನು ಎತ್ತಿ ಪೂರ್ತಿ ತಿರುಗಿಸುವಂತೆ ಕ್ರೇನಿನವನಿಗೆ ರೇಡಿಯೋದಲ್ಲಿ ಹೇಳಿದಳು. ಕೆಳಗೆ ವಾದ್ಯ ನಿಂತಿತು. ತೊಲೆಗೆ ಕಟ್ಟಿದ್ದ ಹಗ್ಗವನ್ನು ಹಿಡಿದವನು ಎಳೆಯುತ್ತ ಹೋದಂತೆ ತೊಲೆ ನಿಧಾನಕ್ಕೆ ತಿರುಗಿತು. ಮೇಯರ್ ಸಹಿ ಹಿಂದಿನ ಕಾರ್ ಪಾರ್ಕಿಂಗಿನ ಕಡೆ ಹೋಯಿತು. ಕೆಲಸಗಾರರ ಹೆಸರುಗಳೆಲ್ಲ ರಸ್ತೆಯ ಕಡೆ ಬಂದವು.

ಕೆಳಗಿನಿಂದ ಎದ್ದ ಕೂಗಿಗೆ ಜನೆಲ್ ಬೆಚ್ಚಿಬಿದ್ದಳು. ಬಯ್ಯುತ್ತಿದ್ದಾರೆ ಎಂದೇ ಅವಳ ಎಣಿಕೆ. ಬಗ್ಗಿ ನೋಡಿದರೆ ಕೆಲಸಗಾರರ ಮನೆಯವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಮ್ಮ ಹೆಸರುಗಳಿದ್ದ ಮಗ್ಗುಲಿನತ್ತ ಕೈ ತೋರಿಸಿ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟರಲ್ಲಿ ಆರಿನ್‌ನ ಸರಳು ಬೆಣ್ಣೆಯಲ್ಲಿ ಹೋದಂತೆ ತೂತಿನೊಳಗೆ ಹೋಯಿತು.

ಎಲ್ಲ ಬೋಲ್ಟೂ ಬಿಗಿದಾದ ಮೇಲೆ ಡೆಕ್ಕರ್ ಮೇಲೆ ಬಂದ. ಕೆಲಸಗಾರರ ಹೆಸರು ಊರಿಗೆ ಕಾಣಲಿ ಅಂತ ತಿರುಗಿಸಿದಿರಲ್ಲ, ಎಷ್ಟು ದೊಡ್ಡ ಮನಸ್ಸು ಎಂದು ಸ್ವತಃ ಮೇಯರೇ ಅವನ ಕೈ ಕುಲುಕಿದ್ದರಂತೆ.

"ನಿನ್ನ ಯೋಚನೇನಾ ಇದು?" ಎಂದು ಕೇಳಿದ.

ಹೂಂ ಅಂದಿದ್ದರೆ ಪಟ್ಟ ಅವಳದೇ ಆಗಿಬಿಡುತ್ತಿತ್ತು.

"ಅಲ್ಲ," ಎಂದಳು ಜನೆಲ್. "ಉತ್ತರದ ಗುರುತಿನ ಮೇಲೆ ನಾನೇ ಬಣ್ಣ ಬಳಿಸಿಬಿಟ್ಟಿದ್ದೆ. ಉಲ್ಟಾ ಬಂತು, ತಿರುಗಿಸ್ದೆ."

ಆರಿನ್ ತನ್ನ ಬೂಟು ನೋಡಿಕೊಳ್ಳುತ್ತ ನಿಂತ. ಡೆಕ್ಕರ್ ತೊಲೆಯನ್ನು ನೋಡಿದ, ರಸ್ತೆಯಾಚೆಯ ಗುಂಡಿಯನ್ನು ನೋಡಿದ.

"ಆ ಕಟ್ಟಡದಲ್ಲಿ ಗುರುತಿನ ಜಾಗ ಬಿಟ್ಟು ಬಳಿಸು," ಎಂದು ಹೇಳಿ ಕೆಳಗಿಳಿದು ಹೋದ.

ರಸ್ತೆಯಾಚೆಗೂ ತಾನೇ ಮೇಸ್ತ್ರಿ ಎನ್ನುವುದು ಅವಳ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದ ಜೀವ ಬಂದಂತಾಗಿ, ಅಲ್ಲೇ ತಗಡಿನ ಕಟ್ಟಿನ ಮೇಲೆ ಕೂತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆರಿನ್ ಊಟಕ್ಕೆ ತಂದಿದ್ದ ಆಲಿವ್ ಬರ್ಗರನ್ನು ಎರಡು ಮಾಡಿ ಒಂದು ತುಂಡನ್ನು ಅವಳ ಮುಂದೆ ಹಿಡಿದ.

"ತಿನ್ನು ಬಾಸ್," ಎಂದ.

ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆನ್ನುವುದು ಅವಳಿಗೆ ಆಗ ನೆನಪಾಯಿತು.