ಕುಂಟುವುದರಲ್ಲಿ ಪೈಪೋಟಿ

ರೂಲ್ಸ್ ಬರೆಯುವವರಿಗೆ ಒಂದು ದಿನವಾದರೂ ನಮ್ಮ ಷೆಡ್ಡಿನಲ್ಲಿ ಕೈಗೆ ಗ್ರೀಸ್ ಹಚ್ಚಿಕೊಳ್ಳುವ ಶಿಕ್ಷೆ ಕೊಡಬೇಕು. ಕಾರು ಕಂಪನಿಯೊಂದರ ರೇಸಿಂಗ್ ಷೆಡ್ಡಿನಲ್ಲಿ ಎಂಜಿನ್ ಕಟ್ಟುವವಳು ನಾನು. ಕಾರು ಓಡಿಸುವವನು ನನ್ನ ಸ್ವಂತ ತಮ್ಮ. ಜನ ಷೋರೂಮಿನಲ್ಲಿ ಕೊಳ್ಳುವ ಅದೇ ನಾಲ್ಕು ಬಾಗಿಲಿನ ಕಾರು, ಒಳಗಿನದನ್ನೆಲ್ಲ ಕಿತ್ತುಹಾಕಿ ರೇಸಿಗೆ ಬಿಡುತ್ತೇವೆ. ಹೋದ ವರ್ಷದವರೆಗೆ ಯಾರ ಎಂಜಿನ್ ಜೋರೋ ಅವರು ಗೆಲ್ಲುತ್ತಿದ್ದರು. ಎರಡು ದೊಡ್ಡ ಕಂಪನಿಗಳೇ ಗೆದ್ದೂ ಗೆದ್ದೂ ಉಳಿದವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟತೊಡಗಿದರು. ಹೀಗಾದರೆ ರೇಸ್ ನೋಡುವವರೇ ಇರುವುದಿಲ್ಲವೆಂದು ಈ ವರ್ಷ ಹೊಸ ನಿಯಮ ತಂದರು. ಸೀಸನ್ನಿಗೆ ಮೊದಲು ಎರಡು ದಿನ, ಆಮೇಲೆ ನಡುವೆ ಇನ್ನೊಮ್ಮೆ ಎಲ್ಲರ ಕಾರನ್ನೂ ಓಡಿಸಿ ನೋಡುವುದು. ಯಾವುದು ವೇಗವೋ ಅದಕ್ಕೆ ಸೀಸದ ಗಟ್ಟಿಗಳನ್ನು ಬಿಗಿದು ಭಾರ ಮಾಡುವುದು.

ಉದ್ದೇಶ ಒಳ್ಳೆಯದೇ. ಆದರೆ ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುವ ಜನ. ನಿಧಾನವೆಂದು ತೋರಿಸಿಕೊಂಡರೆ ಸೀಸ ತಪ್ಪುತ್ತದಲ್ಲ! ಮೊದಲ ದಿನ ಟ್ಯಾಂಕ್ ತುಂಬ ಪೆಟ್ರೋಲ್ ಹೊಯ್ದು ಕಾರನ್ನು ಬಸುರಿ ಎಮ್ಮೆಯ ಹಾಗೆ ಮಾಡಿದೆ. ತಿರುವು ಬರುವ ಎಷ್ಟೋ ಮೊದಲೇ ತಮ್ಮ ಆಕ್ಸಿಲರೇಟರಿನಿಂದ ಕಾಲೆತ್ತಿದ. ಉಳಿದ ಕಂಪನಿಯವರು ಮಾಡಿದ್ದೂ ಇದನ್ನೇ. ಓಡುವ ಪೈಪೋಟಿ ಹೋಗಿ ಕುಂಟುವ ಪೈಪೋಟಿ ಬಂದಿತ್ತು, ಅದರಲ್ಲಿ ನಾವೇ ಗೆದ್ದೆವು. ಸಂಜೆ ವೇಗದ ಪಟ್ಟಿಯ ಬೋರ್ಡಿನಲ್ಲಿ ನಮ್ಮ ಕಾರು ಕಟ್ಟಕಡೆಗಿತ್ತು.

"ಅಕ್ಕಾ, ನನ್ ನಟನೆ ಹೆಂಗಿತ್ತು?" ಎಂದು ಹೆಲ್ಮೆಟ್ ತೆಗೆಯುತ್ತಾ ತಮ್ಮ ಕೇಳಿದ.

"ಕಣ್ಣಲ್ಲಿ ನೀರು ಬಂತು ಕಣೋ," ಎಂದೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗಲೇ ಕಂಪನಿಯ ಯಜಮಾನರು ಟ್ರ್ಯಾಕಿನ ಪಕ್ಕದ ನಮ್ಮ ಗ್ಯಾರೇಜಿನ ಒಳಗೆ ಬಂದರು. ಅವರು ನೋಡಲು ಬಂದಿದ್ದಾರೆಂಬುದೇ ನಮಗೆ ಗೊತ್ತಿರಲಿಲ್ಲ. ಗುಟ್ಟು ರಟ್ಟಾದೀತೆಂದು ನಮ್ಮ ಉಪಾಯವನ್ನು ಅವರಿಗೂ ಹೇಳಿರಲಿಲ್ಲ. ಎಂಥ ಬುದ್ಧಿವಂತಿಕೆ!

"ಕೊನೇ ಜಾಗಕ್ಕೆ ಇಷ್ಟೊಂದು ನಗು ಬೇಡಮ್ಮ," ಎಂದರು. "ಹಳೇ ನಿಯಮದಲ್ಲೂ ಸೋತ್ವಿ, ಹೊಸದರಲ್ಲೂ ಸೋತ್ವಿ. ಸಾಕು. ಷೆಡ್ ಮುಚ್ಚಿಬಿಡೋಣ."

ಷೆಡ್ ಎಂದರೆ ನಾವಿಬ್ಬರೇ ಅಲ್ಲ. ವೆಲ್ಡರ್, ಪೇಂಟರ್, ಟೈರಿನವರು, ಒಂದೇ ಫ್ಲಾಸ್ಕಿನಿಂದ ಟೀ ಕುಡಿದು ಜಗಳವಾಡುವ ಒಂದು ದೊಡ್ಡ ಸಂಸಾರ.

"ಸಾರ್, ನಾವು ಬೇಕಂತಲೇ ನಿಧಾನ ಹೋಗಿದ್ದು."

ಅವರು ನಕ್ಕುಬಿಟ್ಟರು. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ನೀನು ನೆಲಾನೂ ನಾನೇ ಡೊಂಕು ಮಾಡ್ದೆ ಅಂತೀಯಲ್ಲಮ್ಮ!"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನಾಳೆ ಒಂದಿನ ನೋಡಿ ಸಾರ್. ಆಮೇಲೂ ಮುಚ್ಚಬೇಕು ಅನ್ಸಿದ್ರೆ ಬೀಗ ನಾನೇ ಹಾಕ್ತೀನಿ."

ಅವರು ಹೋದ ಮೇಲೆ ತಮ್ಮ ಸಪ್ಪೆ ಮುಖ ಮಾಡಿದ. "ನಾಳೆ ನಿಜವಾಗಿ ಓಡಿಸಿದ್ರೆ ಸೀಸ ಎಲ್ಲಾ ನಮ್ ತಲೆ ಮೇಲೇನೇ ಅಕ್ಕಾ. ಗೆಲ್ಲೋ ಮಾತೇ ಮರೀಬೇಕು."

"ಷೆಡ್ಡೇ ಇಲ್ದಿದ್ರೆ ಏನ್ ಗೆಲ್ತೀಯೋ? ಹೊರೋಣ ಬಿಡು. ಹೊತ್ಕೊಂಡು ಓಡೋ ಎಂಜಿನ್ ಕಟ್ಟೋದು ನನ್ ಪಾಡು."

ಮರುದಿನ ಟ್ಯಾಂಕಿನಲ್ಲಿ ಬೇಕಾದಷ್ಟೇ ಪೆಟ್ರೋಲ್ ಬಿಟ್ಟು ಕಾರನ್ನು ಕಳಿಸಿದೆ. ತಮ್ಮ ಎಲ್ಲೂ ಅಳುಕಲಿಲ್ಲ. ಎಂಜಿನ್ನಿನ ಸದ್ದಿಗೇ ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ಹೊರಗೆ ಬಂದು ನಿಂತರು. ಬೋರ್ಡಿನ ತುದಿಗೆ ನಮ್ಮ ಕಾರು ಏರಿತು. ಅದರ ಹಿಂದೆಯೇ ನಿಯಮದವರು ತಳ್ಳುಗಾಡಿಯಲ್ಲಿ ಸೀಸ ತಂದರು, ಹಾಕಬಹುದಾದಷ್ಟೂ ನಮಗೇ.

"ತಲೆ ಕೆಟ್ಟಿದ್ಯೇನಮ್ಮಾ? ಬಣ್ಣ ಬಯಲು ಮಾಡ್ಕೊಂಡ್ಯಲ್ಲ!" ಎಂದ ಪಕ್ಕದ ಕಂಪನಿಯ ಮೇಸ್ತ್ರಿ.

"ನಮ್ ಬಣ್ಣ ಚೆನ್ನಾಗಿದೆ ಕಣಯ್ಯಾ, ತೋರಿಸ್ದೆ," ಎಂದೆ.

ಯಜಮಾನರು ಬಂದು ಬಗ್ಗಿ ಒಂದು ಗಟ್ಟಿಯನ್ನು ಎತ್ತಲು ಹೋದರು. ಎರಡು ಕೈಯೂ ಬೇಕಾಯಿತು. "ಇದು ವೇಗದ ಕಾರಿಗೆ ಮಾತ್ರ ಹಾಕೋದಾ?"

"ಹೌದು ಸಾರ್."

"ಪಕ್ಕದವರ ಕಾರಿಗೆ?"

"ಒಂದೂ ಇಲ್ಲ."

ಎಷ್ಟೋ ವರ್ಷ ತಮ್ಮನ್ನು ಸೋಲಿಸಿದ ಆ ಕಂಪನಿಯ ಗ್ಯಾರೇಜನ್ನು ಅವರು ಕಣ್ತುಂಬ ನೋಡಿದರು. "ಈ ಸೀಸ ಕಾಣೋ ಹಾಗೆ ಫೋಟೋ ತೆಗೆಸಿ. ಎಲ್ಲಾ ಷೋರೂಮಲ್ಲೂ ಹಾಕಿ. ಷೆಡ್ಡಿನ ಮಾತು ಈ ಸೀಸನ್ ಮುಗಿದ ಮೇಲೆ ನೋಡೋಣ."

ಮೊದಲ ರೇಸುಗಳಲ್ಲಿ ಏದುಸಿರು ಬಿಡುತ್ತಾ ಐದನೆಯವರೋ ಆರನೆಯವರೋ ಆದೆವು. ಆದರೆ ಆ ಫೋಟೋ ಮಾಡಿದ ಕೆಲಸ ನಾನು ಕನಸಿನಲ್ಲೂ ಎಣಿಸಿರಲಿಲ್ಲ. 'ನಮಗ್ಯಾಕೆ ಸೀಸ ಇಲ್ಲ?' ಎಂದು ಉಳಿದ ಕಂಪನಿಗಳ ಯಜಮಾನರೆಲ್ಲ ತಮ್ಮವರ ಬೆನ್ನು ಬಿದ್ದರು. ಸೀಸನ್ನಿನ ನಡುವೆ ಮತ್ತೆ ಪರೀಕ್ಷೆ ಬಂದಾಗ ಒಬ್ಬರೂ ಕುಂಟಲಿಲ್ಲ. ನಿಯಮದವರು ನಮ್ಮ ಅರ್ಧ ಸೀಸ ಬಿಚ್ಚಿ ಅವರಿಗೆ ಬಿಗಿದರು. ಮೇಸ್ತ್ರಿ ನನ್ನನ್ನು ದುರುಗುಟ್ಟಿ ನೋಡಿದ. ನಾನು ಹಲ್ಲು ಕಿರಿದೆ.

ಅಂದು ಸಂಜೆಯೇ ಯಜಮಾನರು ಷೆಡ್ಡಿಗೆ ಧಾವಿಸಿ ಬಂದರು. "ನಮ್ ಸೀಸ ಯಾಕಮ್ಮ ಕಡಿಮೆ ಆಯ್ತು? ಮತ್ತೆ ಬೇಕಂತ ನಿಧಾನ ಹೋದ್ರಾ?"

"ಇಲ್ಲ ಸಾರ್. ಬೇರೆಯವರೂ ಓಡೋಕೆ ಶುರು ಮಾಡಿದ್ರು."

ಅವರು ಗಲ್ಲ ಕೆರೆದುಕೊಂಡರು. "ಹಾಗಾದ್ರೆ ಮುಂದಿನ ವರ್ಷಕ್ಕೆ ಇದಕ್ಕಿಂತ ಜೋರಾದ್ದೊಂದು ಕಟ್ಟು. ಆಗುತ್ತೋ ಇಲ್ವೋ?"

ಮುಂದಿನ ವರ್ಷ! ವೆಲ್ಡರ್ ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿದ. ನಾನಾಗಲೇ ಎಂಜಿನ್ನಿನ ಮುಚ್ಚಳ ಬಿಚ್ಚತೊಡಗಿದ್ದೆ. ತಮ್ಮನೇ ಹೇಳಿದ: "ಆಗುತ್ತೆ ಸಾರ್, ಅಕ್ಕ ಹೂಂ ಅಂತಿದಾಳೆ."