ಒಂದಕ್ಷರದ ರಜೆ

ವಾಚಕ ಮಹಾಶಯರೇ, ನಾಯಕಿಯ ಸೌಂದರ್ಯವರ್ಣನೆಯಿಲ್ಲದೆ ಆರಂಭವಾಗುವ ಕಥೆಯನ್ನು ತಾವು ಓದುವಿರೋ ಇಲ್ಲವೋ ನಾನರಿಯೆ. ಈ ಕಥೆಯ ನಾಯಕಿಗೆ ಕನ್ನಡಿಯ ಮುಂದೆ ನಿಲ್ಲಲೂ ಬಿಡುವಿರಲಿಲ್ಲ. ಆದಕಾರಣ ವರ್ಣನೆಯನ್ನು ಕೈಬಿಟ್ಟು ನೇರವಾಗಿ ವಿಷಯಕ್ಕೆ ಬರಲು ತಮ್ಮ ಅಪ್ಪಣೆ ಬೇಡುತ್ತೇನೆ.

ನಾನು ಊರಿಂದೂರಿಗೆ ಅಲೆಯುತ್ತ ಅಂಗಡಿಗಳಿಗೆ ಬೋರ್ಡು ಬರೆಯುವವನು. ಆ ಊರಿನಲ್ಲಿ ನಾನು ಹಿಡಿದಿದ್ದ ಮಹಡಿಯ ಕೋಣೆಯ ಕೆಳಗೆ ಒಂದು ಸಂಸಾರವಿತ್ತು. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯಲ್ಲಿ ಮನೆಯೊಡತಿ ಬಟ್ಟೆ ಹೊಲಿಯುತ್ತಿದ್ದಳು. ಬೀದಿಗೆಲ್ಲ ಅವಳು ಟೈಲರಕ್ಕ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗುಂಡಿ ಹಾಕುವುದು ಅತ್ತೆಯ ಪಾಲಿನ ಕೆಲಸ, ಮಾತಾಡುವುದೂ ಅವರದೇ. ಕಿಟಕಿಯ ಬಳಿ ಯಂತ್ರ, ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ತಲೆಯಿಲ್ಲದ ನೆಂಟರಂತೆ ನೇತಾಡುವ ಅಂಗಿಗಳು. ನೆಲದ ಮೇಲಿನ ನೂಲಿನ ತುಂಡುಗಳು ಊಟದ ತಟ್ಟೆಯವರೆಗೂ ಬರುತ್ತಿದ್ದವು.

ಮನೆಯೇ ಅಂಗಡಿಯಾದರೆ ಮುಚ್ಚುವ ಹೊತ್ತು ಎಂಬುದಿರುವುದಿಲ್ಲ. ಗಿರಾಕಿಗಳು ಊಟದ ನಡುವೆ ಬಂದು, "ಊಟ ಮಾಡ್ತಿದ್ದೀರಾ? ಮಾಡಿ ಮಾಡಿ, ಅವಸರ ಇಲ್ಲ" ಎಂದು ತುತ್ತು ಎಣಿಸುತ್ತ ನಿಲ್ಲುತ್ತಿದ್ದರು. ಬಾಗಿಲು ಹಾಕಿದರೆ ಕಿಟಕಿಯ ಸರಳುಗಳ ನಡುವಿನಿಂದ ಒಂದು ಪ್ಯಾಂಟು ಒಳಗೆ ಬರುತ್ತಿತ್ತು. "ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ" ಎಂದು ಅತ್ತೆ ಗೊಣಗುವಷ್ಟರಲ್ಲಿ ಸೊಸೆ ಅದನ್ನು ಎಳೆದುಕೊಂಡಾಗಿರುತ್ತಿತ್ತು.

ಒಂದು ಬೆಳಿಗ್ಗೆ ಹೊಲಿದ ಅಂಗಿಯನ್ನು ಹಗ್ಗಕ್ಕೆ ಹಾಕಲು ಹೋದಾಗ ಅವಳ ಬಲಗೈ ಭುಜದಿಂದ ಮೇಲೇಳಲಿಲ್ಲ. ಡಾಕ್ಟರು ಕೈಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ವಾರಕ್ಕೊಂದು ದಿನವಾದರೂ ಈ ಕೈಯಿಂದ ಯಾವ ಕೆಲಸವನ್ನೂ ಮಾಡಕೂಡದು, ಮಾತು ಮೀರಿದರೆ ಭುಜ ಮರಗಟ್ಟಿ ಕತ್ತರಿಯನ್ನೂ ಹಿಡಿಯಲಾಗದು ಎಂದು ಹೇಳಿ ಕಳುಹಿಸಿದರು.

"ಡಾಕ್ಟ್ರಿಗೇನು, ಹೇಳ್ತಾರೆ. ನಂಗೆ ಸಾಯೋಕೂ ಪುರುಸೊತ್ತಿಲ್ಲ" ಎಂದಳು ಟೈಲರಕ್ಕ.

"ಪುರುಸೊತ್ತು ಮಾಡ್ಕೊಂಡು ಸತ್ತೋರನ್ನ ನಾನಂತೂ ಕಂಡಿಲ್ಲ ಕಣೇ" ಎಂದರು ಅತ್ತೆ.

ಆ ಭಾನುವಾರ ಗಂಡ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಹೆಂಡತಿ ಮಲಗಿದ್ದಾಳೆಂದು ಹೇಳಿದ. ಅವರೂ, "ಪಾಪ, ಮಲಗ್ಲಿ. ಎದ್ದ ಮೇಲೆ ಇದೊಂದು ಜೇಬು ಹಾಕಿಕೊಟ್ರೆ ಸಾಕು" ಎಂದು ಮರುಕದಿಂದಲೇ ನುಡಿದರು. ಅಷ್ಟನ್ನು ಕೇಳಿಸಿಕೊಂಡವಳು ಎದ್ದೇ ಬಂದಳು. ಇಲ್ಲ ಎನ್ನುವ ಮಾತು ಅವಳ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ.

ಮುಂದಿನ ಶನಿವಾರ ಅತ್ತೆ ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು: "ಮಹಾರಾಯ, ನಾವು ಬಾಯಲ್ಲಿ ಹೇಳಿದ್ದು ಯಾರ ಕಿವಿಗೂ ಹೋಗ್ತಿಲ್ಲ. ಒಂದು ಬೋರ್ಡು ಬರ್ಕೊಡಪ್ಪ."

ನಮ್ಮ ಕಸುಬಿನಲ್ಲೊಂದು ಕಟ್ಟಳೆಯುಂಟು: ಬೋರ್ಡಿನ ಮಾತನ್ನು ಗಿರಾಕಿಯೇ ಬರೆದುಕೊಡಬೇಕು, ನಾವು ಅದನ್ನು ಮಕ್ಕಿಕಾಮಕ್ಕಿ ಇಳಿಸಬೇಕು. ಇಲ್ಲವಾದರೆ ಹೆಸರಿನ ದೀರ್ಘಕ್ಕೂ ಒತ್ತಿಗೂ ಜಗಳವಾಗುತ್ತದೆ. ಟೈಲರಕ್ಕ ಸಂಜೆ ಅಸ್ತರಿನ ಚೂರೊಂದರ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಎರಡು ಪದ ಬರೆದುಕೊಟ್ಟಳು. ಬಲಗೈಯನ್ನು ಎಡಗೈ ಹೊತ್ತಿತ್ತು, ಕಣ್ಣು ಅರ್ಧ ಮುಚ್ಚಿತ್ತು. ನಾನು ಅಂದೇ ಬಿಳಿಯ ಹಲಗೆಯ ಮೇಲೆ ನೀಲಿಯಲ್ಲಿ ಬರೆದೆ. ಬರೆಯುವಾಗ ನಾವು ಓದುವುದಿಲ್ಲ. ಅಕ್ಷರದ ಹೊಟ್ಟೆ, ತಲೆಕಟ್ಟು, ಬಾಲ ಇಷ್ಟೇ ನಮಗೆ ಕಾಣುವುದು. ಬೆಳಿಗ್ಗೆ ಮನೆಯವರು ಏಳುವ ಮೊದಲೇ ಬಾಗಿಲಿಗೆ ತೂಗುಹಾಕಿ ಮಹಡಿಗೆ ಹೋದೆ.

ಮೊದಲು ಓದಿದವನು ಎದುರು ಬೇಕರಿಯವನು. ಅವನ ನಗು ನನ್ನ ಕೋಣೆಯವರೆಗೆ ಕೇಳಿಸಿತು. ಕೆಳಗಿಳಿದು ನೋಡಿದೆ. ಹಲಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ "ಭಾನುವಾರ ಸಜೆ" ಎಂದಿತ್ತು. ರಕಾರವಿರಬೇಕಾದ ಜಾಗದಲ್ಲಿ ಸಕಾರ ಠೀವಿಯಿಂದ ಕುಳಿತಿತ್ತು.

"ಯಾವ ಕೇಸಲ್ಲಪ್ಪಾ ಟೈಲರಕ್ಕಂಗೆ ಸಜೆ?" ಎಂದು ಬೇಕರಿಯವನು ಗಂಡನನ್ನು ಕೇಳುತ್ತಿದ್ದ. "ಮದುವೆ ಕೇಸೋ?"

"ಅದರಲ್ಲಿ ಜೀವಾವಧಿ ಆಗಿದೆ. ಇದು ಬೇರೆ" ಎಂದ ಗಂಡ.

ನಾನು ಅಸ್ತರಿನ ಚೂರನ್ನು ಮುಂದೆ ಹಿಡಿದು ನನ್ನ ತಪ್ಪಿಲ್ಲವೆಂದು ಸಾಧಿಸಲು ಹೊರಟೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಕಂಕುಳಲ್ಲಿ ಪ್ಯಾಂಟು ಇರುಕಿಕೊಂಡು ಬಂದರು. ಬೋರ್ಡು ಓದಿ ಮನಸಾರೆ ನಕ್ಕು, ನಕ್ಕದ್ದು ಮುಗಿದ ಮೇಲೆ, "ಒಂದೇ ಒಂದು ಜಿಪ್ಪು, ನಿಮಿಷದ ಕೆಲಸ" ಎಂದರು.

ಒಳಗೆ ಮಂಚ ಕಿರುಗುಟ್ಟಿತು. ಟೈಲರಕ್ಕ ಬಂದು ಯಂತ್ರದ ಮುಂದೆ ಕೂತು, ಬಲಗೈಯನ್ನು ಎಡಗೈಯಿಂದ ಎತ್ತಿ ಚಕ್ರದ ಮೇಲಿಟ್ಟಳು. ಗಂಡನ ಮುಖದ ನಗು ಆರಿಹೋಯಿತು.

"ಮೇಷ್ಟ್ರೇ" ಎಂದರು ಅತ್ತೆ, ಸೂಜಿಯನ್ನೂ ಕೆಳಗಿಡದೆ, "ಬೋರ್ಡು ಓದಿದ್ರಲ್ಲ? ಕೈದೀನ ನೋಡೋಕೆ ಸೋಮವಾರ ಬನ್ನಿ."

"ಹೌದು ಸಾರ್" ಎಂದ ಬೇಕರಿಯವನು. "ಜೈಲಿನೊಳಗೆ ಪ್ಯಾಂಟು ಸಾಗಿಸಿದ್ರೆ ನಿಮ್ಮನ್ನೂ ಒಳಗೆ ಹಾಕ್ತಾರೆ."

"ಅಯ್ಯಯ್ಯೋ, ನಂಗ್ಯಾಕಪ್ಪ ಕೋರ್ಟು ಕಚೇರಿ" ಎನ್ನುತ್ತ ಮೇಷ್ಟ್ರು ಪ್ಯಾಂಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಡೆದೇಬಿಟ್ಟರು. ಅವರಿಗೆ ಬೇಸರವಾದಂತಿರಲಿಲ್ಲ, ತಿರುವಿನಲ್ಲಿ ಸಿಕ್ಕವರೊಬ್ಬರಿಗೆ ಆಗಲೇ ಸುದ್ದಿ ಹೇಳುತ್ತಿದ್ದರು.

"ಒಂದು ಜಿಪ್ಪು ತಾನೆ ಅತ್ತೆ..."

"ಪರಾರಿ ಆಗೋಕೆ ನೋಡಿದ್ರೆ ಸಜೆ ಜಾಸ್ತಿ ಆಗುತ್ತೆ. ಸುಮ್ನೆ ಹೋಗಿ ಬಿದ್ಕೋ."

ಟೈಲರಕ್ಕ ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚಿಕೊಳ್ಳಲಾಗದೆ ನಕ್ಕಳು. ನಗುತ್ತಲೇ ಒಳಗೆ ಹೋದವಳು ಬೀದಿದೀಪ ಹೊತ್ತಿಕೊಳ್ಳುವವರೆಗೆ ಏಳಲಿಲ್ಲ. ಹಗಲು ನಿದ್ದೆ ಮಾಡಿದ್ದು ಬಾಣಂತನದ ನಂತರ ಇದೇ ಮೊದಲೆಂದು ಗಂಡ ನನಗೆ ಹೇಳಿದ.

ಸೋಮವಾರ ನಾನು ಬಣ್ಣ ಕುಂಚ ಹಿಡಿದು ಅಕ್ಷರ ತಿದ್ದಲು ಹೋದೆ. ಅವಳು ಬೋರ್ಡನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು.

"ಬೇಡಣ್ಣ. ರಜೆ ಅಂದ್ರೆ ಎಲ್ರೂ ಚೌಕಾಸಿ ಮಾಡ್ತಾರೆ, ನಾನೂ ಮಾಡ್ತೀನಿ. ಸಜೆ ಅಂದ್ಮೇಲೆ ಅನುಭವಿಸ್ಲೇಬೇಕಲ್ವಾ."

ಎಲ್ಲವೂ ಒಮ್ಮೆಗೇ ನೆಟ್ಟಗಾಯಿತೆಂದು ತಾವು ಭಾವಿಸಕೂಡದು. ಒಂದು ಭಾನುವಾರ ಆಕೆ ಅಡುಗೆಮನೆಯಲ್ಲಿ ಕದ್ದು ಪರದೆಯೊಂದರ ಅಂಚು ಮಡಿಸುತ್ತಿದ್ದಾಗ ಸಿಕ್ಕಿಬಿದ್ದಳು. ಮುಂದಿನ ವಾರವಿಡೀ ಬೀದಿಯವರು ಅವಳನ್ನು "ಜೈಲು ಮುರಿದೋಳು" ಎಂದು ಕರೆದರು. ಹೊಸ ಗಿರಾಕಿಗಳಿಗೆ ಹಳೆಯವರೇ ಕಾವಲಿನವರಾಗಿ ಅಡ್ಡ ನಿಂತರು. ತಮಾಷೆಯಲ್ಲಿ ಪಾಲು ಸಿಕ್ಕ ಮೇಲೆ ಯಾರಿಗೂ ಅದನ್ನು ಕೆಡಿಸಲು ಮನಸ್ಸಿರಲಿಲ್ಲ.

ಆ ಊರಿನ ಅಂಗಡಿಗಳ ಬೋರ್ಡುಗಳೆಲ್ಲ ಮುಗಿದವು. ನನ್ನ ಕಾಲಿಗೆ ಎಂದಿನ ನವೆ ಹತ್ತಿತು. ಹೊರಡುವ ದಿನ ಭಾನುವಾರವಾಗಿತ್ತು. ಹೇಳಿ ಹೋಗೋಣವೆಂದು ಕೆಳಗಿಳಿದರೆ ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಒಳಗೆ ನೋಡುವಂತೆ ಕಣ್ಸನ್ನೆ ಮಾಡಿದರು. ಟೈಲರಕ್ಕ ಅಂಗಾತ ಮಲಗಿದ್ದಳು. ಬಲಗೈ ತಲೆಯ ಮೇಲೆ, ದಿಂಬನ್ನೂ ದಾಟಿ, ಮಂಚದ ಸರಳಿನವರೆಗೆ ಚಾಚಿತ್ತು.

"ಎಬ್ಬಿಸ್ಲಾ?" ಎಂದು ಅತ್ತೆ ಪಿಸುಗುಟ್ಟಿದರು, ಎಬ್ಬಿಸುವ ಇರಾದೆಯೇನೂ ಇಲ್ಲದೆ.

ಬೇಡವೆಂದೆ. ಮಹಡಿಗೆ ಹೋಗಿ ಕುಂಚಗಳನ್ನು ಒರೆಸಿ ಚಿಂದಿಯಲ್ಲಿ ಸುತ್ತಿದೆ. ಬಣ್ಣದ ಡಬ್ಬಿಗಳ ಮುಚ್ಚಳ ಒತ್ತಿ, ಓದಿ ಮುಗಿಸಿದ ಎರಡು ಕಾದಂಬರಿಗಳನ್ನು ಕಿಟಕಿಯ ಮೇಲೆ ಬಿಟ್ಟು, ಓದದಿದ್ದ ಒಂದನ್ನು ಚೀಲಕ್ಕೆ ಹಾಕಿಕೊಂಡೆ. ಮೆಟ್ಟಿಲುಗಳನ್ನು ಸದ್ದಾಗದಂತೆ ಇಳಿದು, ಬೀದಿಗೆ ಬಂದ ಮೇಲೆ ಚಪ್ಪಲಿ ಮೆಟ್ಟಿ, ಬಸ್ಸು ನಿಲ್ಲುವ ಕಡೆಗೆ ನಡೆದೆ.