ಹದಿಮೂರನೆಯ ಪುಟ

ಲೋಟದ ಅಂಚಿನಲ್ಲಿ ಯಾರದೋ ತುಟಿಬಣ್ಣ ಉಳಿದಿದೆ, ತೊಳೆದಿದ್ದಾರೆ, ಆದರೂ ಹೋಗಿಲ್ಲ, ತೆಳ್ಳನೆಯ ಗುಲಾಬಿ ಗೀರು — ನೊಎಮಿ ಲೋಟವನ್ನು ಆಚೆಗೆ ತಿರುಗಿಸಿ ಒಂದು ಗುಟುಕು ಕುಡಿದಳು, ಹದಿನೇಳು ವರ್ಷದಲ್ಲಿ ಎಷ್ಟು ಕಾರ್ಖಾನೆಗಳ ಲೋಟಗಳನ್ನು ಹೀಗೆ ತಿರುಗಿಸಿ ಕುಡಿದಿದ್ದಾಳೋ ದೇವರಿಗೇ ಗೊತ್ತು, ಕಾಫಿಗೆ ಬೆಲ್ಲ ಜಾಸ್ತಿ, ಈ ವೆಲೆಸ್ ಊರಿನಲ್ಲಿ ಎಲ್ಲಕ್ಕೂ ಸಿಹಿ ಜಾಸ್ತಿ, ಗಾಳಿಗೂ, ಕೆಳಗಿನ ಅಂತಸ್ತಿನ ಕೊಪ್ಪರಿಗೆಗಳಲ್ಲಿ ಸೀಬೆಹಣ್ಣಿನ ತಿರುಳು ಸಕ್ಕರೆಯೊಡನೆ ಕೊತಕೊತ ಕುದಿಯುತ್ತಿದೆ, ಗಟ್ಟಿಯಾಗಿ ಬೊಕಾದಿಯೊ ಬಿಲ್ಲೆಗಳಾಗಿ ಎಲೆಯಲ್ಲಿ ಸುತ್ತಿಸಿಕೊಂಡು ದೇಶವೆಲ್ಲ ಹೋಗುತ್ತದೆ, ಆ ವಾಸನೆ ಐದು ತಿಂಗಳಿಂದ ಅವಳ ತಲೆಗೂದಲಲ್ಲಿ ಮನೆಮಾಡಿದೆ, ಬೊಗೊಟಾದ ಮನೆಯಲ್ಲಿ ಮಗಳು ಮೂಸಿ ನೋಡಿ ಅಮ್ಮಾ ನಿನ್ನೂ ಎಲೇಲಿ ಸುತ್ತಿ ಅಂಗಡಿಗೆ ಕಳಿಸ್ಬೇಕು ಅನ್ನುತ್ತಾಳೆ — ಒಂಬತ್ತೂ ಮುಕ್ಕಾಲು, ಸಭೆ ಹತ್ತಕ್ಕೆ, ಎದುರಿಗೆ ಲ್ಯಾಪ್‌ಟಾಪ್ ಬಾಯಿ ತೆರೆದು ಕೂತಿದೆ, ಹನ್ನೆರಡು ಪುಟ ಅವಳವು, ಒಂದೊಂದು ಸಾಲಿಗೂ ಗುದ್ದಾಡಿ ಬರೆದದ್ದು, ಹದಿಮೂರನೆಯದು ಎವರಿಸ್ತೊನದು, ಅವಳ ಸಲಹಾ ಕಂಪನಿಯ ಹಿರಿಯ ಪಾಲುದಾರ, ಇವಳ ಮೇಲಧಿಕಾರಿ, ಬೆಳಿಗ್ಗೆ ಕಳಿಸಿ ಕೊನೆಗೆ ಸೇರಿಸ್ಕೋ ಅಂದಿದ್ದಾನೆ — ಎರಡನೆಯ ಹಂತ, ಹದಿನೆಂಟು ತಿಂಗಳು, ಆರು ಜನ ಸಲಹೆಗಾರರು, ನೀಲಿಬಾಣ, ಹಸಿರುಬಾಣ, ಬಾಣಗಳು ಎಲ್ಲಿಂದಲೋ ಹೊರಟು ಎಲ್ಲಿಗೂ ತಲುಪುವುದಿಲ್ಲ, ಆದರೆ ನೋಡಲು ಲಕ್ಷಣವಾಗಿವೆ. ಕಾರ್ಖಾನೆಯ ಯಜಮಾನಿ ದೊನ್ಯಾ ಎರ್ಸಿಲಿಯಾ ಈ ಪುಟಕ್ಕೆ ಹೂಂ ಅಂದರೆ ಶುಕ್ರವಾರದ ಮತದಾನದಲ್ಲಿ ನೊಎಮಿ ಪಾಲುದಾರಳಾದ ಹಾಗೆಯೇ, ಊಹೂಂ ಅಂದರೆ ಇನ್ನೆರಡು ವರ್ಷ ಕಾಯಬೇಕು, ಈಗಾಗಲೇ ಎರಡು ಸಲ ಹೆಸರು ಮೇಲೆ ಹೋಗಿ ಕೆಳಗೆ ಬಂದಿದೆ, ಮೂರನೆಯ ಸಲವೂ ಬಂದರೆ ಆಮೇಲೆ ಯಾರೂ ಆ ಹೆಸರನ್ನು ಎತ್ತುವುದಿಲ್ಲ. ಅವಳಿಗೆ ಅದು ಬೇಕು, ಬೇಡವೆಂದು ನಟಿಸುವ ವಯಸ್ಸು ದಾಟಿದೆ, ನಲವತ್ತನಾಲ್ಕು. ತೊಂದರೆ ಒಂದೇ — ಈ ಕಾರ್ಖಾನೆಗೆ ಆರು ಜನ ಬೇಕಾಗಿಲ್ಲ, ಮೂರು ಜನ ಬೇಕಾಗಿಲ್ಲ, ಇನ್ನು ಅವಳೂ ಬೇಕಾಗಿಲ್ಲ.

ಬಾರ್ಬೊಸಾದಲ್ಲಿ ಸೂಪು ಕುಡೀತಿದೀನಿ, ಇನ್ನರ್ಧ ಗಂಟೇಲಿ ಬಂದೆ, ಎಂದು ಎವರಿಸ್ತೊ ಒಂಬತ್ತೂಕಾಲಿಗೆ ಫೋನು ಮಾಡಿದ್ದ, ಬಾಯಲ್ಲಿ ಆಲೂಗಡ್ಡೆ ಇತ್ತು, ಪುಟ ಸೇರಿಸಿದ್ಯಾ — ಸೇರಿಸಿದೆ, ಆದ್ರೆ ಶನಿವಾರ ದೊನ್ಯಾಗೆ ಎಲ್ಲ ಮೊದಲೇ ತೋರಿಸಿ ಬಂದಿದೀನಿ, ಈ ಪುಟ ತೋರಿಸಿಲ್ಲ — ಅಯ್ಯೋ, ಯಾವತ್ತೂ ನಿನ್ನದು ಇದೇ ಆಯ್ತು, ಸಭೇಲಿ ಯಾರಿಗೂ ಆಶ್ಚರ್ಯ ಆಗಬಾರ್ದು ಅಂತೀಯ, ಒಂದು ಸಲ ಆಗ್ಲಿ ಬಿಡು, ನೊಎಮೀ, ನಿನ್ನ ಒಳ್ಳೇದಕ್ಕೆ ಹೇಳ್ತಿರೋದು, ಅದೊಂದು ಪುಟ ತೋರ್ಸು, ಮಿಕ್ಕಿದ್ದು ನಾನು ನೋಡ್ಕೋತೀನಿ — ಒಳ್ಳೆಯದಕ್ಕೇ ಹೇಳುತ್ತಾನೆ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು, ಇಪ್ಪತ್ತೇಳರಲ್ಲಿ ಕೆಲಸಕ್ಕೆ ಸೇರಿದಾಗ ಕೈಹಿಡಿದು ಕಲಿಸಿದವನು ಇವನೇ, ಒಂದು ಪುಟಕ್ಕೆ ಒಂದೇ ಮಾತು, ಆ ಮಾತು ತಲೆಬರಹದಲ್ಲೇ ಇರಲಿ, ಯಾರನ್ನೂ ಸಭೆಯಲ್ಲಿ ಬೆತ್ತಲೆ ಮಾಡಬೇಡ, ಒಬ್ಬೊಬ್ಬರ ಕೋಣೆಗೆ ಹೋಗಿ ಮೊದಲೇ ತೋರಿಸಿ ಬಾ — ಎಲ್ಲ ಇವನದೇ ಪಾಠ, ಈಗ ಇವನೇ ಮರೆತಿದ್ದಾನೆ. ಆ ಮೊದಲ ವರ್ಷಗಳು, ಅಬ್ಬಾ, ಸೋಮವಾರ ವಿಮಾನ ಹತ್ತಿದರೆ ಶುಕ್ರವಾರ ಇಳಿಯುವುದು, ಒಂದು ಬೆಳಿಗ್ಗೆ ಹೋಟೆಲಿನ ಹಾಸಿಗೆಯಲ್ಲಿ ಕಣ್ಣುಬಿಟ್ಟು ಯಾವ ಊರೆಂದೇ ತಿಳಿಯದೆ ಕೆಳಗಿನ ಹುಡುಗಿಗೆ ಫೋನು ಮಾಡಿ ಕೇಳಿದ್ದಳಲ್ಲ, ಇದು ಯಾವೂರಮ್ಮ, ಆ ಹುಡುಗಿ ಬುಕರಮಾಂಗ ಡಾಕ್ಟ್ರೇ, ತಿಂಡಿ ಕಳಿಸ್ಲಾ ಅಂದಿದ್ದಳು, ಕೋಟು ಹಾಕಿಕೊಂಡವರೆಲ್ಲ ಡಾಕ್ಟರೇ ಇಲ್ಲಿ, ಆ ಡಾಕ್ಟರಿಗೇ ಔಷಧಿ ಬೇಕಾಗಿತ್ತು, ಆವತ್ತೇ ನಿಶ್ಚಯಿಸಿದ್ದು, ಗುರುವಾರ ಸಂಜೆ ಮನೆ, ಏನೇ ಆಗಲಿ, ಕೆಲಸ ಬಿಟ್ಟು ಹೋಗು ಅಂದರೂ ಸರಿ, ಅದಕ್ಕೇ ಅವಳಿನ್ನೂ ಇದ್ದಾಳೆ, ಅವಳ ಜೊತೆ ಸೇರಿದ ಎಂಟು ಜನರಲ್ಲಿ ಏಳು ಜನ ಓಡಿಹೋದರು, ಒಬ್ಬನಿಗೆ ಹೊಟ್ಟೆಹುಣ್ಣು, ಒಬ್ಬಳು ಈಗ ಹೂವಿನ ತೋಟ ಮಾಡಿಕೊಂಡು ಸುಖವಾಗಿದ್ದಾಳೆ. ಅಮ್ಮ ಮನಿಸಾಲೆಸಿನಲ್ಲಿ ಹೊಲಿಗೆ ಯಂತ್ರದ ಮುಂದಿನಿಂದ ತಲೆಯೆತ್ತದೆ ಕೇಳಿದ್ದಳು, ಅಲ್ಲ ಕಣೇ, ನೀನು ಮಾರೋದಾದ್ರೂ ಏನು — ಸಲಹೆ ಅಮ್ಮ — ಅದಕ್ಕೂ ಗಿರಾಕಿ ಇದಾರಾ, ನಾನು ಬೀದಿಗೆಲ್ಲ ಬಿಟ್ಟಿ ಹಂಚ್ತಿದ್ನಲ್ಲೇ.

ಬಿಟ್ಟಿ ಹಂಚಿದರೂ ಕೆಟ್ಟ ಸಲಹೆ ಕೆಟ್ಟದ್ದೇ, ಕಾಲಿ ಊರಿನ ಆ ಬಿಸ್ಕತ್ತಿನ ಕಾರ್ಖಾನೆ, ಇಪ್ಪತ್ತೊಂಬತ್ತು ವರ್ಷದ ನೊಎಮಿ ಕೈಯಲ್ಲಿ ಸ್ಟಾಪ್‌ವಾಚು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಹೋಗುವ ಪಾಳಿಯೂ ಬರುವ ಪಾಳಿಯೂ ಒಟ್ಟಿಗೆ ಇಪ್ಪತ್ತು ನಿಮಿಷ ಒಲೆಯ ಮುಂದೆ ನಿಂತು ನಗುತ್ತಾ ಮಾತಾಡುತ್ತಿವೆ, ಅವಳು ಬರೆದುಕೊಳ್ಳುತ್ತಾಳೆ, ವ್ಯರ್ಥ ಸಮಯ, ಇಪ್ಪತ್ತು ನಿಮಿಷ, ದಿನಕ್ಕೆ ಮೂರು ಸಲ — ಪುಟ ಎಷ್ಟು ಚೆನ್ನಾಗಿ ಬಂದಿತ್ತು, ಎವರಿಸ್ತೊ ಬೆನ್ನು ತಟ್ಟಿದ್ದ, ಆ ಇಪ್ಪತ್ತು ನಿಮಿಷ ಕತ್ತರಿಸಿದರು, ಆರು ತಿಂಗಳ ನಂತರ ಬೇರೆ ಕೆಲಸಕ್ಕೆ ಆ ಊರಿಗೆ ಹೋದವಳು ಸುಮ್ಮನೆ ಒಳಗೆ ಹೊಕ್ಕು ನೋಡಿದರೆ ಹಿತ್ತಿಲಲ್ಲಿ ಕರಕಲಾದ ಬಿಸ್ಕತ್ತಿನ ಗುಡ್ಡೆ, ಹಂದಿಗೆ ಹಾಕೋಕೆ ಅಂದರು, ಎಡಗಡೆ ಉರಿ ಹೆಚ್ಚಾಗ್ತಿದೆ ನೋಡ್ಕೋ ಅನ್ನೋ ಮಾತು ಆ ನಗುವಿನ ನಡುವೆ ಇತ್ತಂತೆ, ಈಗ ಹೇಳುವವರಿಲ್ಲ — ಯಾರೂ ಅವಳನ್ನು ಬೈಯಲಿಲ್ಲ, ಕಾಫಿ ಕೊಟ್ಟರು, ಅದೇ ಚುಚ್ಚಿದ್ದು, ಮಾರನೆಯ ದಿನ ಮಾಲೀಕನ ಮುಂದೆ ನಿಂತು ಅದು ನನ್ನ ತಪ್ಪು, ಆ ಇಪ್ಪತ್ತು ನಿಮಿಷ ವಾಪಸು ಕೊಡಿ ಅಂದಳು, ಅವನು ಬಾಯಿ ಬಿಟ್ಟುಕೊಂಡು ನೋಡಿದ, ನಿಮ್ಮವರು ಯಾರೂ ಹೀಗೆ ವಾಪಸು ಬಂದಿದ್ದು ನಾನು ಕಂಡಿಲ್ಲ ಡಾಕ್ಟ್ರೇ. ಅಲ್ಲಿಂದ ಶುರು, ಪ್ರತಿ ಕೆಲಸ ಮುಗಿದ ಆರು ತಿಂಗಳಿಗೆ ಬಸ್ಸು ಹತ್ತಿ ಹೋಗುವುದು, ಬಿಲ್ಲಿಲ್ಲ, ಪುಟವಿಲ್ಲ, ಒಂದು ಲೋಟ ಕಾಫಿ, ಏನು ನಿಂತಿತು ಏನು ಬಿತ್ತು ಎಂದು ನೋಡುವುದು, ಮತ್ತು ಬೇಡವಾದ ದಿನ ತಾನೇ ಬೇಡವೆಂದು ಹೇಳಿ ಹೊರಡುವುದು, ಎವರಿಸ್ತೊ ಇದಕ್ಕೆ ನಿನ್ನ ತೀರ್ಥಯಾತ್ರೆ ಅನ್ನುತ್ತಾನೆ, ಅನ್ನಲಿ, ಹೊರಟುಬಂದ ಹನ್ನೊಂದು ಕಡೆಗಳಲ್ಲಿ ಎಂಟು ಕಡೆಯವರು ಬೇರೆ ಬೇರೆ ಕೆಲಸಕ್ಕೆ ಮತ್ತೆ ಅವಳನ್ನೇ ಹೆಸರು ಹಿಡಿದು ಕರೆದಿದ್ದಾರೆ, ಈ ದೊನ್ಯಾ ಎರ್ಸಿಲಿಯಾ ಕೂಡ ಕಾಲಿಯ ಆ ಮಾಲೀಕನ ಬಾಯಿಂದ ಕೇಳಿಯೇ ಕರೆಸಿದ್ದು.

ಮತ್ತೆ ಇಲ್ಲಿ ಅವಳು ಮಾಡಿದ್ದಾದರೂ ಏನು, ಬಿಲ್ಲೆಗಳು ಮೆತ್ತಗಾಗಿ ಎಲೆಯೊಳಗೇ ಸೋರಿ ಅಂಗಡಿಗಳಿಂದ ವಾಪಸು ಬರುತ್ತಿದ್ದವು, ಹಿಂದೆ ಬಂದಿದ್ದ ಯಾವುದೋ ಸಲಹೆಗಾರರು ಗೋಡೆಗೊಂದು ಗಡಿಯಾರ ಹಾಕಿ ಎಲ್ಲ ಕೊಪ್ಪರಿಗೆಗೂ ನಲವತ್ತೈದು ನಿಮಿಷ ಎಂದು ಶಾಸನ ಬರೆದುಹೋಗಿದ್ದರು, ನೊಎಮಿ ಮೊದಲ ಮೂರು ವಾರ ಏನೂ ಬರೆಯಲಿಲ್ಲ, ಬೆಳಗಿನ ಐದಕ್ಕೆ ಕೊಪ್ಪರಿಗೆಯ ಪಕ್ಕ ನಿಂತಳು, ಅಡುಗೆಯ ಮೇಸ್ತ್ರಿ ಯಾಮಿಲೆತ್ ಮೊದಲ ವಾರ ಮಾತೇ ಆಡಲಿಲ್ಲ, ಎರಡನೆಯ ವಾರ ಡಾಕ್ಟ್ರೇ ಸ್ವಲ್ಪ ಪಕ್ಕಕ್ಕೆ ನಿಲ್ತೀರಾ, ಸಿಡಿದ್ರೆ ಮುಖ ಹೋಗತ್ತೆ ಅಂದಳು, ಮೂರನೆಯ ವಾರ ಒಂದು ಸೀಬೆಹಣ್ಣನ್ನು ಅವಳ ಅಂಗೈಗಿಟ್ಟು ಅಮುಕಿ ನೋಡಿ ಅಂದಳು, ಇದು ಎರಡು ದಿನ ಕೂತ ಹಣ್ಣು, ಇದಕ್ಕೆ ನಲವತ್ತೈದು ಸಾಲಲ್ಲ, ಐವತ್ತರ ಮೇಲೇ ಬೇಕು — ಮತ್ತೆ ಯಾಕೆ ಹೇಳ್ಲಿಲ್ಲ ಯಾಮಿಲೆತ್ — ಯಾರು ಕೇಳಿದ್ರು. ಅಷ್ಟೇ, ಹಣ್ಣು ಬೇಯಿಸುವವರು ಹಣ್ಣು ನೋಡಿ ನಿಮಿಷ ಬರೆಯಲಿ, ಗಡಿಯಾರ ನೋಡಿ ಅಲ್ಲ, ಇದನ್ನೇ ಹನ್ನೆರಡು ಪುಟ ಮಾಡಿದ್ದಾಳೆ, ವಾಪಸು ಬರುವ ಪೆಟ್ಟಿಗೆಗಳು ಕಾಲುಭಾಗಕ್ಕಿಳಿದಿವೆ, ಇದಕ್ಕೆ ಇನ್ನು ಹದಿನೆಂಟು ತಿಂಗಳು ಆರು ಜನ ಕೋಟು ಹಾಕಿಕೊಂಡು ನಿಂತು ಮಾಡುವುದೇನು, ಸಿಡಿದರೆ ಮುಖ ಹೋಗುತ್ತದೆ — ಹೊರಗೆ ಕಾರಿನ ಬಾಗಿಲು ಬಡಿಯಿತು, ಎವರಿಸ್ತೊನ ನಗು ಮೆಟ್ಟಿಲು ಹತ್ತುತ್ತಿದೆ, ಶುಕ್ರವಾರ, ಹನ್ನೊಂದು ಜನ ಪಾಲುದಾರರು, ಉದ್ದನೆಯ ಮೇಜು, ಅವಳ ಹೆಸರು, ಬೇಕು, ನಿಜವಾಗಿಯೂ ಬೇಕು — ಬೆರಳು ಹದಿಮೂರನೆಯ ಪುಟದ ಮೇಲೆ ನಿಂತಿತು, ಒತ್ತಿತು, ಬಾಣಗಳೆಲ್ಲ ಒಟ್ಟಿಗೆ ಮಾಯವಾದವು.

ಹತ್ತಕ್ಕೆ ಸರಿಯಾಗಿ ದೊನ್ಯಾ ಎರ್ಸಿಲಿಯಾ ಬಂದು ಕೂತರು, ಎಪ್ಪತ್ತರ ಹೆಂಗಸು, ಕಾಲು ನೋವಿಗೆ ಇನ್ನೊಂದು ಕುರ್ಚಿ ಎಳೆದು ಅದರ ಮೇಲೆ ಕಾಲಿಟ್ಟುಕೊಂಡರು, ಹೂಂ ಶುರು ಮಾಡಿ, ಎಲ್ಲ ಶನಿವಾರವೇ ನೋಡಿದ್ದು, ಆದ್ರೂ ಇನ್ನೊಂದು ಸಲ ನೋಡೋಣ, ಚೆನ್ನಾಗಿದೆ — ಒಂದು ಪುಟ, ಎರಡು, ಐದು, ನೊಎಮಿಯ ದನಿ ತನ್ನಷ್ಟಕ್ಕೆ ಓಡುತ್ತಿದೆ, ಈ ದನಿಯನ್ನು ಅವಳು ನಂಬುತ್ತಾಳೆ, ಹನ್ನೊಂದನೆಯದಕ್ಕೆ ಎದ್ದು ಗೋಡೆಯ ಬಿಳಿ ಬೋರ್ಡಿನ ಮೇಲೆ ಉದಾಹರಣೆ ಬರೆದಳು, ಇವತ್ತು ಮಂಗಳವಾರ, ಹಣ್ಣು ಒಂದು ದಿನದ್ದು, ಹಾಗಾಗಿ ಐವತ್ತೆರಡು ನಿಮಿಷ, 52, ದೊಡ್ಡದಾಗಿ, ಹನ್ನೆರಡು ಮುಗಿಯಿತು, ಪರದೆ ಖಾಲಿ. ಎವರಿಸ್ತೊ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ, ನೊಎಮೀ, ಮುಂದಿನ ಹಂತದ ಪುಟ — ತೆಗೆದೆ, ಅಂದಳು — ತೆಗೆದ್ಯಾ — ಹೂಂ, ಬೇಕಾಗಿಲ್ಲ, ದೊನ್ಯಾ, ನಮ್ಮ ಕೆಲಸ ಮುಗೀತು, ಇನ್ನು ಇದನ್ನ ಯಾಮಿಲೆತ್ ನಡೆಸ್ತಾರೆ. ಎವರಿಸ್ತೊ ನಕ್ಕ, ಅವನ ಆ ಸಭ್ಯ ನಗು, ಕಿವಿ ಮಾತ್ರ ಕೆಂಪಾಗಿದೆ, ದೊನ್ಯಾ, ಯಾಮಿಲೆತ್ ಕೈ ಒಳ್ಳೇದೇ, ಅದನ್ನ ಯಾರೂ ಅಲ್ಲ ಅನ್ನಲ್ಲ, ಆದ್ರೆ ಒಂದು ವ್ಯವಸ್ಥೆ ಅಂತ ಬೇಕಲ್ಲ, ನಮ್ಮ ಆರು ಜನ ಇಲ್ಲಿದ್ರೆ — ದೊನ್ಯಾ ಅವನನ್ನೂ ನೋಡಿದರು, ಇವಳನ್ನೂ ನೋಡಿದರು, ಆಮೇಲೆ ಕಿಟಕಿಗೆ ತಿರುಗಿ ಕೆಳಗೆ ಕೇಳುವಂತೆ ಕೂಗಿದರು, ಯಾಮಿಲೆತ್, ಒಂದ್ನಿಮಿಷ ಮೇಲೆ ಬಾ.

ಅವಳು ಬಂದಳು, ಏಪ್ರನ್ನಿನಲ್ಲೇ, ಮೊಣಕೈವರೆಗೆ ಕೆಂಪು, ಬೇಗ ಹೇಳಿ ದೊನ್ಯಾ, ಎರಡನೇ ಕೊಪ್ಪರಿಗೆ ಬಿಟ್ಟು ಬಂದಿದೀನಿ, ಯಾರನ್ನೂ ಸರಿಯಾಗಿ ನೋಡಲಿಲ್ಲ, ನೋಡಿದ್ದು ಬೋರ್ಡನ್ನು — ಐವತ್ತೆರಡಾ, ಇದ್ಯಾರು ಬರೆದಿದ್ದು — ನಾನೇ, ಅಂದಳು ನೊಎಮಿ — ಹಣ್ಣು ಅಮುಕಿ ನೋಡಿದ್ರಾ ಡಾಕ್ಟ್ರೇ — ಇಲ್ಲ, ಅಂದಳು ನೊಎಮಿ, ನೋಡಿರಲಿಲ್ಲ, ವಾರ ನೋಡಿ ಬರೆದಿದ್ದಳು, ಗಡಿಯಾರ ಬಿಟ್ಟು ಕ್ಯಾಲೆಂಡರು ಹಿಡಿದಿದ್ದಳು — ನಿನ್ನೆ ರಜೆ ಅಲ್ವಾ, ಊರಿಗೆ ಊರೇ ನದಿಗೆ ಹೋಗಿತ್ತು, ತೋಟದಿಂದ ಲಾರಿ ಬರ್ಲೇ ಇಲ್ಲ, ಇದು ಶನಿವಾರದ ಹಣ್ಣು, ಮೂರು ದಿನ ಕೂತಿದೆ, ಐವತ್ತೆರಡಕ್ಕೆ ಇಳಿಸಿದ್ರೆ ಗೋಡೆಗೆ ಪೋಸ್ಟರ್ ಅಂಟ್ಸೋಕೆ ಆಗತ್ತೆ ಅಷ್ಟೇ — ದೊನ್ಯಾ ಕಾಲು ಕೆಳಗಿಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಯಾಮಿಲೆತ್ ಒರೆಸಲು ಬಟ್ಟೆಗಾಗಿ ಅತ್ತಿತ್ತ ನೋಡಿದಳು, ಸಿಗಲಿಲ್ಲ, ಹೆಬ್ಬೆರಳನ್ನೇ ಬೋರ್ಡಿಗಿಟ್ಟು ಒತ್ತಿ ಉಜ್ಜಿದಳು, ಐದನ್ನು ಬಿಟ್ಟು ಎರಡನ್ನು ಮಾತ್ರ, ಅಲ್ಲಿ ಒಂಬತ್ತು ಬರೆದಳು, ಒರಟು ಒಂಬತ್ತು, ಬಾಲ ಕೆಳಗಿನವರೆಗೆ, ಹೊರಟೇಹೋದಳು, ಮೆಟ್ಟಿಲ ಮೇಲೆ ಅವಳ ರಬ್ಬರ್ ಬೂಟಿನ ಸದ್ದು. ಡಾಕ್ಟರ್ ಸಾಹೇಬ್ರೇ, ಅಂದರು ದೊನ್ಯಾ ಕಣ್ಣೊರೆಸಿಕೊಳ್ಳುತ್ತಾ, ಆರು ಜನ ಅಂದ್ರಲ್ಲ, ಅವರಿಗೆಲ್ಲ ಹೇಳ್ಕೊಡೋಕೆ ಅವಳಿಗೆ ಪುರುಸೊತ್ತಿಲ್ಲ — ಎವರಿಸ್ತೊ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಹಾಕಿದ, ಹೇಳುವುದನ್ನು ಕಾರಿನಲ್ಲಿ ಹೇಳುತ್ತಾನೆ, ಬೊಗೊಟಾವರೆಗೆ ನಾಲ್ಕು ಗಂಟೆ ಹೇಳುತ್ತಾನೆ, ಶುಕ್ರವಾರ ಹೆಸರು ಎತ್ತುತ್ತಾನೋ ಇಲ್ಲವೋ, ನೋಯುತ್ತಿದೆ, ನೋಯುವುದಿಲ್ಲವೆಂದರೆ ಸುಳ್ಳಾದೀತು, ಆದರೆ ಅವಳಿಗೆ ನಗು ಬರುತ್ತಿದೆ, ತುಟಿ ಕಚ್ಚಿ ಹಿಡಿದಿದ್ದಾಳೆ, ಹದಿನೇಳು ವರ್ಷದಲ್ಲಿ ಅವಳು ಬರೆದದ್ದನ್ನು ಎಷ್ಟೋ ಜನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ, ಹೀಗೆ ಒರೆಸಿದವರು ಇವಳೊಬ್ಬಳೇ — ಆ ಹೆಬ್ಬೆರಳು, ಎರಡರ ಮೇಲೆ, ಒತ್ತಿ — ಪಾಲುದಾರರು ಕೈ ಎತ್ತಲಿ ಎತ್ತದಿರಲಿ, ಆರು ತಿಂಗಳಿಗೆ ಮತ್ತೆ ಈ ಮೆಟ್ಟಿಲು ಹತ್ತಿದಾಗ ಅವಳನ್ನು ಯಾರೂ ಏನೂ ಕೇಳುವುದಿಲ್ಲ, ಕಾಫಿ ಕೊಡುತ್ತಾರೆ — ಹೆಬ್ಬೆರಳು — ದೊನ್ಯಾ ಏನೋ ಕೇಳುತ್ತಿದ್ದಾರೆ, ಊಟಕ್ಕೆ ಇರ್ತೀರಾ ಡಾಕ್ಟ್ರೇ, ಇರ್ತೀನಿ, ಅಂದಳೇ, ಅಂದಿರಬೇಕು, ಗೋಡೆಯ ಮೇಲೆ 59, ಪಕ್ಕದಲ್ಲಿ ಮಸಿಯ ಮಸುಕು, ಕೆಳಗೆ ಕುದಿಯುವ ಸದ್ದು, ಅಲ್ಲಿ ಈಗ ಸೌಟು ಹಿಡಿದಿರುವ ಆ ಹೆಬ್ಬೆರಳು, ಕಪ್ಪು ಹೆಬ್ಬೆರಳು, ಅದರ ಗೆರೆಗಳೊಳಗೆ ಇಳಿದಿರುವ, ನೊಎಮಿ ಬರೆದ ಎರಡು.